ನಖೋನ್ ಫನೋಮ್: ಡ್ರೈವರ್ ಸಮೇತ ಕಾರು, ಒಂದು ದಿನ

ಥಾಯ್ಲೆಂಡಿನ ಈ ಊರಲ್ಲಿ ಮೆಕಾಂಗ್ ದಾಟಿದರೆ ಲಾವೋಸ್. ಬೆಳಿಗ್ಗೆಯೇ ಕಾರು ಹತ್ತಿ, ಸುಮಾರು 50 ಕಿ.ಮೀ. ದೂರದ ಫ್ರ ಥಾಟ್ ಫನೋಮ್ ಸ್ತೂಪಕ್ಕೆ ಹೋದೆವು. 1975ರ ಆಗಸ್ಟ್ ಮಳೆಯಲ್ಲಿ ಇಡೀ ಸ್ತೂಪ ಕುಸಿದಿತ್ತು. 1979ರ ಹೊತ್ತಿಗೆ ಮತ್ತೆ ಎದ್ದು ನಿಂತಿತು. ಬಿಳಿ ಗೋಡೆ ಮೇಲೆ ಚಿನ್ನದ ಬಳ್ಳಿ. ಅಮ್ಮ ಬರಿಗಾಲಲ್ಲಿ, ಕೈಯಲ್ಲಿ ಕಮಲದ ಮೊಗ್ಗು ಹಿಡಿದು ಮೂರು ಸುತ್ತು ಬಂದರು. ನಮ್ಮ ಪ್ರದಕ್ಷಿಣೆಯೇ ಅಲ್ವಾ? ಕಲ್ಲು ಕಾದಿತ್ತು, ಆದ್ರೂ ನಿಲ್ಲಲಿಲ್ಲ. ಡ್ರೈವರ್ ಒಮ್ಮೆಯೂ ಅವಸರ ಮಾಡಲಿಲ್ಲ. ಅದಕ್ಕೇ ಪೂರ್ತಿ ಅಂಕ.

ಆದರೆ ವಿಯೆಟ್ನಾಂ ನಾಯಕ ಹೋ ಚಿ ಮಿನ್ ಇದ್ದ ನಾ ಚೋಕ್ ಹಳ್ಳಿ ಮನೆಗೆ ತಡವಾಗಿ ಕರೆದೊಯ್ದ. ಬಾಗಿಲು ಹಾಕಿತ್ತು. ತುಂಬಾ ಬೇಜಾರಾಯ್ತು. ಮೊದಲೇ ಅಲ್ಲಿಗೆ ಹೋಗಿ. ಸಂಜೆಗೆ ನದಿ ದಂಡೆಯ ಏಳು ಹೆಡೆ ನಾಗನ ಪ್ರತಿಮೆ ನೋಡೋದನ್ನು ಇಟ್ಟುಕೊಳ್ಳಿ.