ವೆನ್ಸ್‌ಲಿಡೇಲ್‌ನ ಹಳ್ಳಿ ಪಬ್: ಊಟ ಗಟ್ಟಿ, ಕೋಣೆ ಸುಮಾರು

ಮೊದಲೇ ಹೇಳಿಬಿಡುತ್ತೇನೆ. ಊಟಕ್ಕೆ ಐದರಲ್ಲಿ ನಾಲ್ಕೂವರೆ, ಕೋಣೆಗೆ ಎರಡೂವರೆ. ಆದರೂ ಅವಕಾಶ ಸಿಕ್ಕರೆ ಮತ್ತೆ ಹೋಗುತ್ತೇನೆ. ಇಂಗ್ಲೆಂಡಿನ ಹಳ್ಳಿ ಪಬ್‌ನಲ್ಲಿ ನಾವು ದುಡ್ಡು ಕೊಡುವುದು ಕೆಳಗಿನ ಬಾರ್‌ಗೆ, ಅಡುಗೆಮನೆಗೆ. ಮೇಲಿನ ಮಂಚ ಅದರ ಜೊತೆಗೆ ಬರುತ್ತದೆ, ಅಷ್ಟೆ. ಇಷ್ಟು ತಿಳಿದು ಹೋದವರಿಗೆ ಬೇಜಾರಾಗುವುದಿಲ್ಲ.

ಜಾಗ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನ ವೆನ್ಸ್‌ಲಿಡೇಲ್ ಕಣಿವೆ. ಹಾಸ್ ಎಂಬ ಪುಟ್ಟ ಪೇಟೆಯಿಂದ ಸ್ವಲ್ಪ ಆಚೆಗಿರುವ ಹಳ್ಳಿ. ಪಬ್‌ನ ಹೆಸರು ಬರೆಯುವುದಿಲ್ಲ. ಗಂಡ ಹೆಂಡತಿ ಸೇರಿ ನಡೆಸುವ ಸಣ್ಣ ವ್ಯವಹಾರ, ಒಂದು ಶವರ್ ಕೈಕೊಟ್ಟಿತು ಅಂತ ಊರಿಗೆಲ್ಲ ಡಂಗುರ ಸಾರುವುದು ಬೇಡ. ಲೀಡ್ಸ್‌ನಲ್ಲಿರುವ ಮಗಳು ಕಾರಿನಲ್ಲಿ ಕರೆದುಕೊಂಡು ಹೋದಳು. ಕಾರಿಲ್ಲದವರು ಸೆಟಲ್–ಕಾರ್ಲೈಲ್ ರೈಲಿನಲ್ಲಿ ಗಾರ್ಸ್‌ಡೇಲ್‌ನಲ್ಲಿ ಇಳಿಯಬೇಕು. ಅಲ್ಲಿಂದ ಹಾಸ್‌ಗೆ ಇನ್ನೂ ಸುಮಾರು ಆರು ಮೈಲಿ. ಬಸ್ಸಿದೆ, ಆದರೆ ದಿನಕ್ಕೆ ಬೆರಳೆಣಿಕೆಯಷ್ಟು. ವೇಳಾಪಟ್ಟಿ ನೋಡದೆ ಹೊರಡಬೇಡಿ.

ನಾವು ತಲುಪಿದಾಗ ಬಾಗಿಲು ಹಾಕಿತ್ತು. ಹಳ್ಳಿಯ ಎಷ್ಟೋ ಪಬ್‌ಗಳು ಮಧ್ಯಾಹ್ನದ ಊಟ ಮುಗಿಸಿ ಸಂಜೆವರೆಗೆ ಮುಚ್ಚುತ್ತವೆ. ಇಲ್ಲಿ ರಿಸೆಪ್ಷನ್ ಅಂತ ಬೇರೆ ಇಲ್ಲ, ಬಾರ್ ಕೌಂಟರೇ ರಿಸೆಪ್ಷನ್. ಅದು ತೆರೆಯುವವರೆಗೆ ಹೊರಗಿನ ಬೆಂಚೇ ಗತಿ. ಎದುರಿಗೆ ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿದ ಗೋಡೆ, ಅದರಾಚೆ ಕುರಿಗಳು. ಹೆಂಡತಿಗೆ ಅದೇ ಸಾಕಾಯಿತು. ನನಗೆ ಕಾಫಿ ಬೇಕಿತ್ತು.

ಒಳಗೆ ಹೋದರೆ ತೊಲೆಗಳು ತಲೆಗೆ ತಾಗುವಷ್ಟು ಕೆಳಗೆ. ಬಾಗಿಲ ಪಕ್ಕದಲ್ಲಿ ಕೆಸರು ಮೆತ್ತಿದ ಬೂಟುಗಳ ಸಾಲು. ಪೆನೈನ್ ವೇ ಎಂಬ ಕಾಲ್ದಾರಿ ಇದೇ ಕಣಿವೆಯನ್ನು ದಾಟಿ ಹೋಗುತ್ತದೆ. 1965ರಲ್ಲಿ ತೆರೆದ, 268 ಮೈಲಿ ಉದ್ದದ ದಾರಿ. ಅದನ್ನು ನಡೆಯುವವರೇ ಇಂಥ ಪಬ್‌ಗಳ ದೊಡ್ಡ ಗಿರಾಕಿಗಳು. ಅಗ್ಗಿಷ್ಟಿಕೆಯ ಮುಂದಿನ ಒಳ್ಳೆಯ ಜಾಗ ನಾಯಿಗಳಿಗೆ ಮೀಸಲು ಅಂತ ಕಾಣುತ್ತದೆ. ನಾಯಿ ಅಂದರೆ ಭಯ ಇರುವವರು ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ.

ಟೇಬಲ್ ಹತ್ತಿರ ಯಾರೂ ಬಂದು ಕೇಳುವುದಿಲ್ಲ. ಟೇಬಲ್ ನಂಬರ್ ನೋಡಿಕೊಂಡು, ಕೌಂಟರಿಗೆ ಹೋಗಿ ನೀವೇ ಹೇಳಬೇಕು. ಅಲ್ಲಿ ಸಾಲು ಕಾಣುವುದಿಲ್ಲ, ಎಲ್ಲರೂ ಅಡ್ಡಾದಿಡ್ಡಿ ಒರಗಿ ನಿಂತಿರುತ್ತಾರೆ. ಆದರೆ ಯಾರ ನಂತರ ಯಾರು ಅನ್ನುವುದು ಪ್ರತಿಯೊಬ್ಬರಿಗೂ ಗೊತ್ತು. ಕೈ ಎತ್ತಿ ಕೂಗುವ ಹಾಗಿಲ್ಲ. ಲ್ಯಾಂಡ್‌ಲೇಡಿ, ಅಂದರೆ ಪಬ್ ನಡೆಸುವ ಯಜಮಾನಿ, ಎಲ್ಲರನ್ನೂ 'ಲವ್' ಎಂದೇ ಮಾತಾಡಿಸುತ್ತಾರೆ, ನನ್ನನ್ನೂ. ಹೆಂಡತಿ ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ಅವಳಿಗೂ ಅದೇ ಸಂಬೋಧನೆ ಸಿಕ್ಕಿದ ಮೇಲೆ ಸುಮ್ಮನಾದಳು.

ಬಿಯರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಲ್ಲಿ ಕುಡಿಯಬೇಕಾದದ್ದು ಕಾಸ್ಕ್ ಏಲ್. ನೆಲಮಾಳಿಗೆಯ ಪೀಪಾಯಿಯಲ್ಲೇ ಎರಡನೇ ಸಲ ಹುದುಗಿ ಹದವಾಗುವ ಬಿಯರ್ ಇದು. ಹೊರಗಿನಿಂದ ಗ್ಯಾಸ್ ಒತ್ತಿ ತುಂಬುವುದಿಲ್ಲ, ಉದ್ದ ಹಿಡಿಯ ಪಂಪನ್ನು ಕೈಯಲ್ಲೇ ಎಳೆದು ಗ್ಲಾಸಿಗೆ ಬರಿಸುತ್ತಾರೆ. 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 'ಇಂಗ್ಲೆಂಡಿನ ಬಿಯರ್ ಬೆಚ್ಚಗಿರುತ್ತೆ' ಅನ್ನುವ ಮಾತು ಇದರಿಂದಲೇ ಹುಟ್ಟಿದ್ದು. ಬೆಚ್ಚಗಲ್ಲ, ಹಲ್ಲು ಜುಮ್ಮೆನ್ನುವ ತಣ್ಣಗಿಲ್ಲ, ಅಷ್ಟೆ. ಅದರಿಂದ ರುಚಿ ಗೊತ್ತಾಗುತ್ತದೆ. ಈ ಬಗೆಯ ಬಿಯರ್ ಕಣ್ಮರೆಯಾಗುತ್ತದೆಂಬ ಆತಂಕದಿಂದ 1971ರಲ್ಲಿ ಕ್ಯಾಮ್ರಾ ಎಂಬ ಗ್ರಾಹಕರ ಸಂಘ ಹುಟ್ಟಿತು. ಅವರಿಲ್ಲದಿದ್ದರೆ ಈ ಪಂಪುಗಳು ಶೋಕೇಸ್ ಸೇರುತ್ತಿದ್ದವೇನೋ. ನಮಗೆ ಸಿಕ್ಕಿದ್ದು ಮ್ಯಾಶಮ್ ಊರಿನ ಏಲ್. ಥೀಕ್‌ಸ್ಟನ್, ಬ್ಲ್ಯಾಕ್ ಶೀಪ್ ಎರಡೂ ಬ್ರೂವರಿ ಇರುವುದು ಅದೇ ಪುಟ್ಟ ಊರಿನಲ್ಲಿ. ಪಂಪಿನ ಮೂತಿಗೆ ಸಣ್ಣ ತೂತುಗಳ ಮುಚ್ಚಳ ಹಾಕಿ ಎಳೆಯುವುದು ಉತ್ತರದ ಕಡೆಯ ರೂಢಿ, ಹಾಗಾಗಿ ಮೇಲೆ ದಪ್ಪನೆಯ ಕೆನೆ ಕಟ್ಟುತ್ತದೆ. ಪೈಂಟ್ ಅಂದರೆ 568 ಮಿಲಿ. ನನ್ನ ವಯಸ್ಸಿಗೆ ಜಾಸ್ತಿಯೇ. ಅರ್ಧ ಪೈಂಟ್ ಕೇಳಿದರೆ ಯಾರೂ ನಗುವುದಿಲ್ಲ. ಯಾವುದು ಬೇಕೋ ತಿಳಿಯದಿದ್ದರೆ ಒಂದು ಗುಟುಕು ರುಚಿ ನೋಡಲು ಕೇಳಿ, ಕೊಡುತ್ತಾರೆ.

ಊಟಕ್ಕೆ ಬರೋಣ. ಮಗಳು ತರಿಸಿಕೊಂಡದ್ದು ಸ್ಟೇಕ್ ಅಂಡ್ ಏಲ್ ಪೈ, ಅಂದರೆ ಏಲ್‌ನಲ್ಲಿ ಬೇಯಿಸಿದ ದನದ ಮಾಂಸ ತುಂಬಿದ ಪೈ. ಅವಳ ಲೆಕ್ಕದಲ್ಲಿ ಪೈ ಅಂದರೆ ತಳ, ಸುತ್ತ, ಮೇಲೆ ಎಲ್ಲ ಕಡೆ ಹಿಟ್ಟಿನ ಗೋಡೆ ಇರಬೇಕು. ಬಟ್ಟಲಿಗೆ ಸಾರು ಸುರಿದು ಮೇಲೊಂದು ಹಪ್ಪಳ ಮುಚ್ಚಿದರೆ ಅದು ಪೈ ಅಲ್ಲ, ಮೋಸ. ಇಂಗ್ಲೆಂಡಿನವರು ಇದರ ಬಗ್ಗೆ ನಿಜಕ್ಕೂ ಜಗಳವಾಡುತ್ತಾರಂತೆ. ಇಲ್ಲಿ ಬಂದದ್ದು ಅಪ್ಪಟ ಪೈ, ಚಾಕು ಹಾಕಿದರೆ ಹಿಟ್ಟು ಮುರಿಯುವ ಸದ್ದು ಕೇಳಿತು. ಅವಳು ತಟ್ಟೆ ಖಾಲಿಯಾಗುವವರೆಗೆ ಮಾತೇ ಆಡಲಿಲ್ಲ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಗಮನ ಕೊಡಿ. ಮೆನುವಿನಲ್ಲಿ ಹಸಿರು ಗುರುತಿನ ಪದಾರ್ಥಗಳಿದ್ದವು. ಆದರೆ ಹೆಂಡತಿಗೆ ಬೇಕಾಗಿದ್ದು ಬರೀ ಚಿಪ್ಸ್, ಅಲ್ಲಿ ಹಾಗಂದರೆ ಉದ್ದಕ್ಕೆ ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆ. ಯಾರ್ಕ್‌ಷೈರ್‌ನಲ್ಲಿ ಮೀನು, ಚಿಪ್ಸ್ ಎರಡನ್ನೂ ದನದ ಕೊಬ್ಬಿನಲ್ಲಿ ಕರಿಯುವುದು ಹಳೆಯ ಪದ್ಧತಿ. ಯಾರ್ಕ್‌ಷೈರ್ ಪುಡಿಂಗ್‌ಗೂ (ಸಿಹಿಯಲ್ಲ, ಹಿಟ್ಟು, ಮೊಟ್ಟೆ, ಹಾಲು ಕಲಸಿ ಉಬ್ಬುವಂತೆ ಬೇಯಿಸಿದ್ದು) ಅದೇ ಕೊಬ್ಬು ಬಳಸುವುದುಂಟು, ಮೇಲೆ ಸುರಿಯುವ ಗ್ರೇವಿ ಹೇಗೂ ಮಾಂಸದ್ದು. ಮಗಳು ಕೇಳಿದಳು. ಲ್ಯಾಂಡ್‌ಲೇಡಿ ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು, 'ಎಣ್ಣೆ ಗಿಡದ್ದೇ, ಆದರೆ ಮೀನು ಕರಿದದ್ದರಲ್ಲೇ ಕರಿಯುತ್ತೇವೆ' ಅಂದರು. ಸುಳ್ಳು ಹೇಳಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ. ಚಿಪ್ಸ್ ಬದಲು ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ ಹಾಕಿ ಕೊಟ್ಟರು. ಜೊತೆಗೆ ಅಣಬೆ ಮತ್ತು ವೆನ್ಸ್‌ಲಿಡೇಲ್ ಚೀಸ್ ತುಂಬಿದ ಪೇಸ್ಟ್ರಿ. ಚೀಸ್ ಪುಡಿಪುಡಿಯಾಗಿ, ಸ್ವಲ್ಪ ಹುಳಿಯಾಗಿ ಚೆನ್ನಾಗಿತ್ತು. ಉಪ್ಪು, ಕಾಳುಮೆಣಸಿನ ಪುಡಿ ಟೇಬಲ್ ಮೇಲಿದೆ. ಖಾರ ಬೇಕೆನ್ನುವವರು ತಮ್ಮ ವ್ಯವಸ್ಥೆ ತಾವು ಮಾಡಿಕೊಂಡು ಬರಬೇಕು. ಅಲರ್ಜಿ ಇರುವವರು ಮೊದಲೇ ಕೇಳಿಕೊಳ್ಳಿ. 14 ಬಗೆಯ ಅಲರ್ಜಿ ಪದಾರ್ಥಗಳಲ್ಲಿ ಯಾವುದು ಯಾವ ತಿಂಡಿಯಲ್ಲಿದೆ ಎಂದು ತಿಳಿಸುವುದು ಅಲ್ಲಿನ ಕಾನೂನು.

ಕೊನೆಗೆ ಒಣದ್ರಾಕ್ಷಿಯ ಕೇಕಿನ ಜೊತೆ ಒಂದು ತುಂಡು ಚೀಸ್ ತಂದಿಟ್ಟರು. ಯಾರ್ಕ್‌ಷೈರ್‌ನವರು ಹಾಗೇ ತಿನ್ನುವುದು. ಕೇಳಲು ವಿಚಿತ್ರ. ತಿಂದರೆ ಇನ್ನೊಂದು ತುಂಡು ಇದೆಯಾ ಅನ್ನಬೇಕು.

ಬಾರ್‌ನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಟ್ಯಾನ್ ಹಿಲ್ ಇನ್‌ನ ಕಥೆ ತೆಗೆದರು. ಉತ್ತರದ ಬೆಟ್ಟದ ಮೇಲಿದೆ, ಸಮುದ್ರಮಟ್ಟದಿಂದ 1,732 ಅಡಿ, ಬ್ರಿಟನ್ನಿನಲ್ಲೇ ಅತಿ ಎತ್ತರದಲ್ಲಿರುವ ಪಬ್. 2021ರ ನವೆಂಬರಿನಲ್ಲಿ ಅರ್ವೆನ್ ಬಿರುಗಾಳಿಗೆ ಹಿಮ ಬಿದ್ದು 61 ಜನ ಅಲ್ಲಿ ಮೂರು ರಾತ್ರಿ ಸಿಕ್ಕಿಹಾಕಿಕೊಂಡಿದ್ದರು. 'ನನಗೆ ಅಂಥ ಅದೃಷ್ಟ ಬರಲಿಲ್ಲ' ಅಂತ ಅವರು ಗ್ಲಾಸ್ ಎತ್ತಿದರು.

ಇನ್ನು ಕೋಣೆ. ಲಿಫ್ಟ್ ಇಲ್ಲ. ಮೆಟ್ಟಿಲು ಕಡಿದು, ಇಕ್ಕಟ್ಟು, ತಿರುವು ಬೇರೆ. ಮಂಡಿ ನೋವಿರುವವರಿಗೆ ಕಷ್ಟ. ನೆಲ ಒಂದು ಕಡೆ ವಾಲಿದೆ, ಹೆಜ್ಜೆ ಇಟ್ಟಲ್ಲೆಲ್ಲ ಕಿರ್ ಅನ್ನುತ್ತದೆ. ಹಾಸಿಗೆ ಶುಭ್ರ, ಹೊದಿಕೆ ಬೆಚ್ಚಗೆ, ಅದಕ್ಕೆ ಪೂರ್ತಿ ಅಂಕ. ಕೆಟಲ್, ಟೀ ಪೊಟ್ಟಣ, ಬಿಸ್ಕತ್ತು ಇವೆ. ಹಾಲು ಮಾತ್ರ ಹೆಬ್ಬೆಟ್ಟಿನಷ್ಟು ಡಬ್ಬಿಯಲ್ಲಿ. ಬಚ್ಚಲಲ್ಲಿ ಬಿಸಿನೀರಿಗೆ ಒಂದು ನಲ್ಲಿ, ತಣ್ಣೀರಿಗೆ ಇನ್ನೊಂದು. ಒಂದು ಕೈ ಸುಡುತ್ತದೆ, ಇನ್ನೊಂದು ಮರಗಟ್ಟುತ್ತದೆ. ಮೊಬೈಲ್ ಸಿಗ್ನಲ್ ಇಲ್ಲ. ವೈಫೈ ಮೆಟ್ಟಿಲ ತುದಿಯವರೆಗೆ ಬಂದು ನಿಂತುಬಿಡುತ್ತದೆ.

ನಮ್ಮ ಕೋಣೆ ಸರಿಯಾಗಿ ಬಾರ್ ಮೇಲೆ. ಕೊನೆಯ ಆರ್ಡರಿನ ಗಂಟೆ ಹೊಡೆದ ಮೇಲೂ ನಗು, ಕುರ್ಚಿ ಎಳೆಯುವ ಸದ್ದು ಎಲ್ಲ ಕೇಳುತ್ತಿತ್ತು. ಹೆಂಡತಿ, 'ರೀ, ನೀವೂ ಕೆಳಗೆ ಹೋಗಿ ಕೂತ್ಕೊಳ್ಳಿ, ನಿದ್ದೆ ಹೇಗೂ ಇಲ್ಲ' ಅಂದಳು. ಜೂನ್ ತಿಂಗಳು, ಹತ್ತು ಗಂಟೆಯಾದರೂ ಕಿಟಕಿಯಲ್ಲಿ ಬೆಳಕು. ಪರದೆ ತೆಳ್ಳಗೆ. ಕಣ್ಣಿಗೆ ಕಟ್ಟುವ ಪಟ್ಟಿ ತಂದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಸ್ನಾನಕ್ಕೆ ಹೋದರೆ ಎರಡನೆಯವರ ಹೊತ್ತಿಗೇ ಬಿಸಿನೀರು ಮುಗಿದಿತ್ತು. ಎರಡನೆಯವನು ನಾನು.

ತಿಂಡಿ ಬಿಸಿನೀರಿನ ಸಿಟ್ಟನ್ನು ಅರ್ಧ ಇಳಿಸಿತು. ಮೊಟ್ಟೆ, ಅಣಬೆ, ಟೊಮೇಟೊ, ಬೀನ್ಸ್, ಟೋಸ್ಟ್, ಸೊಪ್ಪಿನ ಸಾಸೇಜ್. ಬ್ಲ್ಯಾಕ್ ಪುಡಿಂಗ್ ಅಂತ ಕಪ್ಪು ಬಿಲ್ಲೆ ಕಂಡರೆ ಸಿಹಿಯೆಂದು ಕೈ ಹಾಕಬೇಡಿ, ಅದು ರಕ್ತದಿಂದ ಮಾಡಿದ್ದು. ನಡಿಗೆಯವರಿಗೆ ಬುತ್ತಿಯನ್ನೂ ಕಟ್ಟಿಕೊಡುತ್ತಾರೆ, ಹಿಂದಿನ ರಾತ್ರಿಯೇ ಹೇಳಿರಬೇಕು.

ಬ್ಯಾಂಕಿನಲ್ಲಿ ದುಡಿದವನು ನಾನು, ಬಿಲ್ ಪೂರ್ತಿ ಓದದೆ ಬಿಡುವುದಿಲ್ಲ. ನಾವು ತೆಗೆದುಕೊಂಡದ್ದು ರಾತ್ರಿ ಊಟ, ಹಾಸಿಗೆ, ತಿಂಡಿ ಸೇರಿದ ಪ್ಯಾಕೇಜು. ಅದರಲ್ಲಿ ಊಟಕ್ಕೆ ತಲೆಗೆ 25 ಪೌಂಡ್ ಮಿತಿ. ಪೈ ಒಂದಕ್ಕೇ 19. ಅಂದರೆ ಮುಖ್ಯ ಊಟದ ಜೊತೆ ಇನ್ನೊಂದು ತಿಂಡಿ ಹೇಳಿದರೆ ಮಿತಿ ದಾಟಿತು, ಕುಡಿಯುವುದೆಲ್ಲ ಬೇರೆ ಲೆಕ್ಕ. ಬುಕ್ ಮಾಡುವಾಗ ಈ ಮಿತಿಯ ಸಾಲನ್ನು ಹುಡುಕಿ ಓದಿ. ಟಿಪ್ಸ್ ಕೊಡಲೇಬೇಕೆಂದಿಲ್ಲ. ಕೌಂಟರಿನಲ್ಲಿ 'ನಿಮಗೂ ಒಂದು ಹಾಕ್ಕೊಳ್ಳಿ' ಅಂದು ಅವರ ಲೋಟದ ದುಡ್ಡನ್ನೂ ಸೇರಿಸುವುದು ಅಲ್ಲಿನ ಮರ್ಯಾದೆ.

ಬಿಸಿನೀರಿನ ವಿಷಯ ಲ್ಯಾಂಡ್‌ಲೇಡಿಗೆ ಹೇಳಿದೆ. ವಾದ ಮಾಡಲಿಲ್ಲ. ಹಿಂದಿನ ರಾತ್ರಿಯ ಏಲ್‌ಗಳನ್ನೆಲ್ಲ ಬಿಲ್ಲಿನಿಂದ ಹೊಡೆದುಹಾಕಿದರು. ಹಿತ್ತಲಿನಲ್ಲಿ ಹಳೆಯ ಕೊಟ್ಟಿಗೆಯನ್ನು ಸರಿಮಾಡಿ ನೆಲಮಟ್ಟದಲ್ಲೇ ಕೋಣೆ ಕಟ್ಟಿದ್ದಾರೆ. ಮೆಟ್ಟಿಲಿಲ್ಲ, ಬಾರ್ ಸದ್ದಿಲ್ಲ, ಬಾಯ್ಲರ್ ಬೇರೆ. ರಾತ್ರಿಗೆ 20 ಪೌಂಡ್ ಜಾಸ್ತಿ. ಕೇಳುವುದಾದರೆ ಅದನ್ನೇ ಕೇಳಿ. ಭಾನುವಾರ ರಾತ್ರಿಗೆ ಮಾತ್ರ ಬೇಡ: ಮಧ್ಯಾಹ್ನದ ರೋಸ್ಟ್, ಅಂದರೆ ಸುಟ್ಟ ಮಾಂಸದ ಭಾನುವಾರದ ಊಟ, ಮುಗಿದ ಮೇಲೆ ಅಡುಗೆಮನೆಗೆ ರಜೆ, ರಾತ್ರಿ ಸಿಗುವುದು ಕ್ರಿಸ್ಪ್ಸ್ (ನಾವು ಚಿಪ್ಸ್ ಅನ್ನುವುದು) ಪೊಟ್ಟಣ.