‘ಸೊನ್ನೆ’ ನಂಬಿ ಒಡ್ಡೋಲಗ ಹಾಳು ಮಾಡಿದೆ

ಮುಂಬೈಯಲ್ಲಿ ಸಂಘಗಳ ಕಾರ್ಯಕ್ರಮಕ್ಕೆ ಸೌಂಡ್ ನೋಡಿಕೊಳ್ಳುವ ಹುಡುಗರೇ, ಸ್ಟುಡಿಯೊದವರು ‘ಝೀರೊ ಕಳಿಸಿ’ (ಮೀಟರಿನ ಮುಳ್ಳು ಸೊನ್ನೆಗೆ ನಿಲ್ಲುವಷ್ಟು ಸಿಗ್ನಲ್ ಕಳಿಸಿ) ಅಂದರೆ ಸುಮ್ಮನೆ ತಲೆಯಾಡಿಸಬೇಡಿ. ‘ಯಾವ ಝೀರೊ ಸ್ವಾಮಿ?’ ಅಂತ ಕೇಳಿ. ನಾನು ಕೇಳಲಿಲ್ಲ.

ಲೀಸ್ಡ್ ಲೈನಿನ, ಅಂದರೆ ಬಾಡಿಗೆ ಟೆಲಿಫೋನ್ ತಂತಿಯ ಕಾಲದ ಮಾತು. ಮಳೆಗಾಲ. ಊರಲ್ಲಿ ಮೇಳಗಳ ತಿರುಗಾಟ ನಿಂತಿರುತ್ತದಲ್ಲ, ಆಗ ಕಲಾವಿದರು ಮುಂಬೈಗೆ ಬರುತ್ತಾರೆ. ಮಾಟುಂಗದ ಒಂದು ಸಭಾಂಗಣದಲ್ಲಿ ಯಕ್ಷಗಾನ, ಅಲ್ಲಿಂದ ಸ್ಟುಡಿಯೊಗೆ ಒಂದು ಜೋಡಿ ಟೆಲಿಫೋನ್ ತಂತಿ, ನೇರ ಪ್ರಸಾರ. ಮಿಕ್ಸರ್ ಬಾಡಿಗೆಯದು. ಕೊಟ್ಟವನು ನಮ್ಮ ಕಡೆಯವನೇ. ‘ಅಣ್ಣಾ, ಸೊನ್ನೆ ಅಂದ್ರೆ ಎಲ್ಲಾ ಕಡೆ ಸೊನ್ನೆಯೇ, ತಗೊಂಡು ಹೋಗಿ’ ಅಂದ.

ಅಲ್ಲ. 600 ಓಮ್‌ನಲ್ಲಿ 1 ಮಿಲಿವ್ಯಾಟ್, ಅಂದರೆ 0.775 ವೋಲ್ಟ್, ಇದು ಸಿಗ್ನಲ್ ಬಲದ ಅಳತೆಯಲ್ಲಿ 0 ಡಿಬಿಎಂ. ಇದೊಂದು ಗಟ್ಟಿ. ಆದರೆ ಮೀಟರಿನ ಮುಳ್ಳು ಸೊನ್ನೆ ತೋರಿಸುವಾಗ ತಂತಿಯಲ್ಲಿ ಎಷ್ಟಿದೆ ಅನ್ನುವುದು ಬೇರೆ ಲೆಕ್ಕ. 1939ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್, ಎನ್‌ಬಿಸಿ, ಸಿಬಿಎಸ್ ಸೇರಿ ವಿಯು ಮೀಟರ್ (ಸದ್ದಿನ ಮಟ್ಟ ತೋರಿಸುವ ಮುಳ್ಳಿನ ಮೀಟರ್) ತಂದದ್ದೇ ಈ ಗಲಿಬಿಲಿ ತಪ್ಪಿಸಲು, ಆದರೂ ಸ್ಟುಡಿಯೊ ಸಾಮಾನಿನಲ್ಲಿ ಸೊನ್ನೆ ಅಂದರೆ +4, ಆ 0.775 ವೋಲ್ಟಿಗಿಂತ 4 ಡೆಸಿಬೆಲ್ ಮೇಲೆ (1.23 ವೋಲ್ಟ್), ಅಲ್ಲಿಯ ರೇಡಿಯೊದವರು ಟೆಲಿಫೋನ್ ಲೈನಿಗೆ ಬಿಡುವಾಗ +8 (1.95 ವೋಲ್ಟ್). ಮನೆಬಳಕೆಯ ಸಾಮಾನಿನಲ್ಲಿ ಬರೀ 0.316 ವೋಲ್ಟ್. ನನ್ನ ಕೈಯಲ್ಲಿದ್ದದ್ದು ಈ ಕೊನೆಯ ಜಾತಿ. ಸ್ಟುಡಿಯೊದವರ ಮನಸ್ಸಿನಲ್ಲಿದ್ದದ್ದು +8. ನಡುವೆ ಹತ್ತಿರ ಹತ್ತಿರ 16 ಡೆಸಿಬೆಲ್.

ಲೈನ್ ಪರೀಕ್ಷೆಗೆ ಒಂದೇ ಸಮನೆ ಕೂಗುವ ಟೋನ್ ಬಿಟ್ಟೆ. ‘ಟೋನ್ ಬಹಳ ಕಮ್ಮಿ, ಏರಿಸಿ’ ಅಂದರು ಸ್ಟುಡಿಯೊದವರು. ಏರಿಸಿದೆ. ‘ಇನ್ನೂ.’ ಮುಳ್ಳು ಕೆಂಪಿನ ಕೊನೆಗೆ ಒರಗಿ ನಿಂತಿತು, ಆಗ ‘ಹಾಂ, ಸರಿ’ ಅಂದರು. ಟೋನ್ ಸ್ವಚ್ಛವಾಗಿಯೇ ಕೇಳಿತ್ತು. ಮೋಸ ಹೋದದ್ದು ಇಲ್ಲಿ. ಟೋನ್ ಏರಿಳಿತವಿಲ್ಲದ್ದು, ಚೆಂಡೆ ಹಾಗಲ್ಲ. ವಿಯು ಮುಳ್ಳು ಮೇಲೇರಲು 300 ಮಿಲಿಸೆಕೆಂಡ್ ಬೇಕು. ಚೆಂಡೆಯ ಪೆಟ್ಟು ಅಷ್ಟರಲ್ಲಿ ಬಿದ್ದು ಮುಗಿದಿರುತ್ತದೆ. ಮುಳ್ಳು ತೋರಿಸಿದ್ದಕ್ಕಿಂತ 10 ಡೆಸಿಬೆಲ್ ಮೇಲೆ ಹೋದರೂ ಮೀಟರಿಗೆ ಸುದ್ದಿಯೇ ಇಲ್ಲ. ಅದಕ್ಕೆ ಜಾಗ ನನ್ನ ಮಿಕ್ಸರಿನಲ್ಲಿ ಉಳಿದಿರಲಿಲ್ಲ.

ಪೀಠಿಕೆ ಹೇಗೋ ದಾಟಿತು. ಒಡ್ಡೋಲಗಕ್ಕೆ ಚೆಂಡೆ ಏರುತ್ತಿದ್ದಂತೆ ರೇಡಿಯೊದಲ್ಲಿ ತಗಡಿನ ಡಬ್ಬ ಬಡಿದ ಸದ್ದು, ನಡುವೆ ಭಾಗವತರ ದನಿ ಹರಿದ ಬಟ್ಟೆಯ ಹಾಗೆ. ಸಭಾಂಗಣದಲ್ಲಿ ಎಲ್ಲ ಚೆನ್ನಾಗಿಯೇ ಕೇಳುತ್ತಿತ್ತು, ಹಾಗಾಗಿ ನನಗೆ ಗೊತ್ತಾದದ್ದು ಡೊಂಬಿವಲಿಯಿಂದ ಅತ್ತೆ ಫೋನ್ ಮಾಡಿದಾಗ.

ಹಾಗಂತ ದೊಡ್ಡ ಮಿಕ್ಸರ್ ತಂದು ಸಿಕ್ಕಾಪಟ್ಟೆ ತಳ್ಳಿದರೂ ಆಗದು. ಒಂದೇ ಕೇಬಲ್ಲಿನಲ್ಲಿ ನೂರಾರು ಜೋಡಿ ತಂತಿ ಒತ್ತಿಕೊಂಡಿರುತ್ತವೆ. ನಿಮ್ಮ ಚೆಂಡೆ ಪಕ್ಕದವರ ಫೋನಿನಲ್ಲಿ ಕೇಳುತ್ತದೆ. ಲೈನಿಗೆ ಮಿತಿ ಇಟ್ಟದ್ದು ಅದಕ್ಕೇ.

ಈಗ ತಂತಿ ಹೋಗಿ ಇಂಟರ್‌ನೆಟ್ ಕೋಡೆಕ್ (ಸದ್ದನ್ನು ಇಂಟರ್‌ನೆಟ್‌ನಲ್ಲಿ ಕಳಿಸುವ ಪೆಟ್ಟಿಗೆ) ಬಂದಿದೆ, ಕೆಲವದರಲ್ಲಿ ಲೆವೆಲ್ ಬದಲಿಸುವ ಸ್ವಿಚ್ಚು ಇರುತ್ತದೆ, ಯಾರೂ ತಿರುಗಿಸಿ ನೋಡುವುದಿಲ್ಲ. ಲೆವೆಲ್ಲನ್ನು ವೋಲ್ಟಿನಲ್ಲೇ ಕೇಳಿ, ವೋಲ್ಟಿನಲ್ಲೇ ಅಳೆಯಿರಿ. ಹಳೆಯ ಟ್ರಾನ್ಸ್‌ಫಾರ್ಮರ್ ಔಟ್‌ಪುಟ್ ಇದ್ದರೆ 600 ಓಮ್ ರೆಸಿಸ್ಟರಿನ ಹೊರೆ ಹಾಕದೆ ಅಳೆಯಬೇಡಿ, ಎರಡು ಪಟ್ಟು ತೋರಿಸೀತು. ಅಗ್ಗದ ಮಲ್ಟಿಮೀಟರಾದರೆ ಟೋನ್ 400 ಹರ್ಟ್ಸ್ ಇರಲಿ, 1000ಕ್ಕೆ ಕೆಲವು ಸುಳ್ಳು ಹೇಳುತ್ತವೆ. ಆ ರೆಸಿಸ್ಟರ್ ಬೇಕೆಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್ ಪೂರ್ತಿ ಅಲೆಯಬೇಡಿ, 1.2 ಕಿಲೊ ಓಮಿನ ಎರಡನ್ನು ಪಕ್ಕಪಕ್ಕ ಇಟ್ಟು ಎರಡೂ ತುದಿ ಸೇರಿಸಿ (ಪ್ಯಾರಲಲ್ ಆಗಿ) ಬೆಸುಗೆ ಹಾಕಿದರೆ ಆಯಿತು. ನನ್ನ ಜೋಡಿ ಹಳೆಯ ಕುಂಕುಮದ ಡಬ್ಬಿಯಲ್ಲಿದೆ.