ಜಿಪ್ಸಿ ಮ್ಯಾನಿಫೋಲ್ಡಿಗೆ ಸೆರಾಮಿಕ್ ಕೋಟಿಂಗ್: ಕಪ್ಪು ಬೇಡ, ಬೆಳ್ಳಿ ಬಣ್ಣದ್ದು ಮಾಡಿಸಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೇಲಿನ ಸಾಲೇ ಸಾಕು. ಕೋಟಿಂಗ್ ಮಾಡಿಸಿದ್ದು 1.3 ಲೀಟರ್ ಎಂಪಿಐ (ಪೆಟ್ರೋಲ್ ಇಂಜೆಕ್ಷನ್) ಎಂಜಿನ್ನಿನ ಮಾರುತಿ ಜಿಪ್ಸಿಯ ಕಂಪನಿ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸುವ ಕವಲು ಪೈಪು) ಮತ್ತು ಅದರ ಕೆಳಗಿನ ಫ್ರಂಟ್ ಪೈಪಿಗೆ. ಹಾಕಿಸಿದ್ದು ಅಲ್ಯೂಮಿನಿಯಂ ಪುಡಿ ಬೆರೆತ, ಉಜ್ಜಿ ಹೊಳಪು ಬರಿಸುವ ಬೆಳ್ಳಿ ಬಣ್ಣದ ಬಗೆ. ಗಾಡಿ ಓಡುವುದು ಸಕಲೇಶಪುರ ಕಡೆಯ ತೋಟದ ರಸ್ತೆಗಳಲ್ಲಿ. ಅಂದರೆ ಕೆಂಪು ಕೆಸರು, ಹಳ್ಳದ ನೀರು, ಬಿಡದ ಮಳೆ. ಬೆಂಗಳೂರಿನ ಕಾರುಗಳವರು ಇದನ್ನು ನೆನಪಿಟ್ಟುಕೊಂಡು ಓದಿ.

ಅಂಗಡಿಯವರೆಲ್ಲ ಹೇಳುವ ಮೊದಲ ಮಾತು, "ಸೆರಾಮಿಕ್ ಶಾಖವನ್ನು ಪೈಪಿನೊಳಗೇ ಹಿಡಿದಿಡುತ್ತೆ ಸಾರ್." ಲೆಕ್ಕ ಹಾಕಿ ನೋಡೋಣ. ಸ್ಪ್ರೇ ಗನ್ನಿನಲ್ಲಿ ಹೊಡೆಯುವ ಪದರದ ದಪ್ಪ ಸುಮಾರು 25 ಮೈಕ್ರಾನ್, ಒಂದು ಮಿಲಿಮೀಟರಿನ ನಲವತ್ತನೇ ಒಂದು ಪಾಲು. 500 ಡಿಗ್ರಿ ಸೆಲ್ಸಿಯಸ್ ಕಾದ, ತುಕ್ಕು ಹಿಡಿದ ಬೀಡು ಕಬ್ಬಿಣ ಚದರ ಮೀಟರಿಗೆ ಹದಿನೇಳು ಹದಿನೆಂಟು ಕಿಲೋವ್ಯಾಟ್ ಶಾಖ ಸೂಸುತ್ತದೆ. ಅಷ್ಟೂ ಶಾಖ ಆ ತೆಳು ಪದರ ದಾಟುವಾಗ ಒಳಮೈಗೂ ಹೊರಮೈಗೂ ಬೀಳುವ ವ್ಯತ್ಯಾಸ ಒಂದು ಡಿಗ್ರಿಯೂ ಇಲ್ಲ. ಪದರವೇ ಶಾಖ ತಡೆಯಬೇಕೆಂದರೆ ಇಂಗ್ಲೆಂಡಿನ ಝಿರ್ಕೋಟೆಕ್‌ನವರು ಮಾಡುವಂತೆ ಪ್ಲಾಸ್ಮಾದ ಉರಿಯಲ್ಲಿ ಝಿರ್ಕೋನಿಯಾ ಎಂಬ ಸೆರಾಮಿಕ್ ಕರಗಿಸಿ ದಪ್ಪಗೆ ಹೊಡೆಯಬೇಕು. ಅದರ ಖರ್ಚು ಬೇರೆ, ಜಿಪ್ಸಿಗೆ ಹೊಂದುವ ಮಾತಲ್ಲ.

ಹಾಗಾದರೆ ಬೆಳ್ಳಿ ಕೋಟಿಂಗಿನ ಹತ್ತಿರ ಕೈ ಒಯ್ದರೆ ಬಿಸಿ ಕಡಿಮೆ ಅನಿಸುವುದೇಕೆ? ಹೊಳಪಿನಿಂದ. ಹೊಳೆಯುವ ಲೋಹದ ಮೈ ಅದೇ ಬಿಸಿಯಲ್ಲಿರುವ ತುಕ್ಕು ಮೈಯ ಅರ್ಧದಷ್ಟೂ ಶಾಖ ಸೂಸುವುದಿಲ್ಲ. ಕಪ್ಪು ಮ್ಯಾಟ್ ಕೋಟಿಂಗು ತುಕ್ಕಿನಷ್ಟೇ ಸೂಸುತ್ತದೆ. ನೋಡಲು ಚೆಂದ, ತುಕ್ಕು ತಡೆಯುತ್ತದೆ, ಬಾನೆಟ್ಟಿನ ಒಳಗಿನ ಬಿಸಿಗೆ ಮಾತ್ರ ಏನೂ ಮಾಡುವುದಿಲ್ಲ. ಬೆಳ್ಳಿಯದಕ್ಕೂ ಮಿತಿಯಿದೆ: 700 ಡಿಗ್ರಿ ಆಸುಪಾಸಿನಲ್ಲಿ ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಪೆಟ್ರೋಲ್ ಟರ್ಬೊ ಗಾಡಿಯವರು ಇದನ್ನು ಬಿಟ್ಟುಬಿಡಿ.

ಸಿಟ್ಟು ಬರಿಸುವುದು ಇನ್ಫ್ರಾರೆಡ್ ಗನ್ ಹಿಡಿದು ಮಾಡುವ ಆಟ. ಕೋಟಿಂಗ್ ಇಲ್ಲದ ಪೈಪಿಗೆ ಒಂದು ಸಲ, ಕೋಟಿಂಗ್ ಮಾಡಿದ್ದಕ್ಕೆ ಒಂದು ಸಲ ಗುರಿಯಿಟ್ಟು "ನೋಡಿ, ಬಿಸಿ ಅರ್ಧ ಆಯ್ತು" ಅನ್ನುತ್ತಾರೆ. ಆ ಅಗ್ಗದ ಗನ್ನುಗಳು ಎದುರಿನ ಮೈ ಮ್ಯಾಟ್ ಇದೆ ಎಂದೇ ಎಣಿಸಿ, ಬರುವ ಕಿರಣ ಅಳೆದು ಡಿಗ್ರಿ ತೋರಿಸುತ್ತವೆ. ಹೊಳೆಯುವ ಮೈಯಿಂದ ಕಿರಣವೇ ಕಡಿಮೆ ಬರುವುದರಿಂದ ನಿಜವಾಗಿ 400 ಡಿಗ್ರಿ ಇರುವ ಪೈಪು 200ರ ಹತ್ತಿರ ತೋರಿಸಿದರೂ ಆಶ್ಚರ್ಯವಿಲ್ಲ. ಸರಿಯಾಗಿ ಅಳೆಯಬೇಕೆಂದರೆ ಪೈಪಿನ ಮೇಲೆ ರೂಪಾಯಿ ನಾಣ್ಯದಗಲ ಸೈಲೆನ್ಸರ್ ಕಪ್ಪು ಪೇಂಟ್ ಹಚ್ಚಿ, ಆ ಚುಕ್ಕೆಗೆ ಗುರಿಯಿಡಿ. ಇಲ್ಲವೇ ಕೆ-ಟೈಪ್ ಥರ್ಮೋಕಪಲ್ (ಲೋಹಕ್ಕೆ ತಾಗಿಸಿ ಬಿಸಿ ಅಳೆಯುವ ತಂತಿ) ತುದಿಯನ್ನು ನಟ್ಟಿನ ವಾಷರ್ ಕೆಳಗೆ ಸಿಕ್ಕಿಸಿ. ಹೀಗೆ ಅಳೆದರೆ ಕೋಟಿಂಗ್ ಆದ ಲೋಹ ಮೊದಲಿಗಿಂತ ತುಸು ಹೆಚ್ಚೇ ಕಾಯುವುದು ಕಾಣುತ್ತದೆ. ಹೊರಗೆ ಸೂಸದ ಶಾಖ ಮತ್ತೆಲ್ಲಿಗೆ ಹೋಗಬೇಕು?

ಕ್ಯಾಬಿನ್ನಿನಲ್ಲಿ ಕಾಲಿಗೆ ತಾಗುವ ಬಿಸಿ ಸ್ವಲ್ಪ ತಗ್ಗಿದೆ, ಅಷ್ಟೇ. ಮ್ಯಾನಿಫೋಲ್ಡ್ ಮೇಲಿನ ಕಂಪನಿ ತಗಡಿನ ಕವಚ ಇದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಎಷ್ಟೋ ಗ್ಯಾರೇಜುಗಳಲ್ಲಿ ಬೋಲ್ಟ್ ಮುರಿಯಿತೆಂದು ಅದನ್ನು ಮೂಲೆಗೆ ಎಸೆದಿರುತ್ತಾರೆ. ಮೊದಲು ಅದನ್ನು ಹುಡುಕಿ ಹಾಕಿಸಿ.

ಇಷ್ಟೆಲ್ಲ ಬೈದ ಮೇಲೂ ಮಾಡಿಸಿದ್ದಕ್ಕೆ ಬೇಸರವಿಲ್ಲ. ಕಾರಣ, ತೊಳೆಯುವ ಸುಖ. ಬರಿ ಕಬ್ಬಿಣದ ಮೇಲೆ ಕೆಂಪು ಕೆಸರು ಬಿದ್ದರೆ ಸುಟ್ಟು ಇಟ್ಟಿಗೆಯಾಗಿ ತುಕ್ಕಿನ ಜೊತೆ ಒಂದಾಗುತ್ತದೆ, ಉಳಿ ಹಾಕಿ ಕೆರೆಯಬೇಕು. ಈ ಕೋಟಿಂಗಿನ ಮೇಲೆ ಒಣಗಿದ ಕೆಸರು ನೈಲಾನ್ ಬ್ರಷ್ ತಾಗಿಸಿದರೆ ಹಪ್ಪಳದಂತೆ ಏಳುತ್ತದೆ. ಗಾಡಿ ಪೂರ್ತಿ ತಣ್ಣಗಾಗಿರಬೇಕು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಸರಿಯಾದ ಹೊತ್ತು. ಬರಿ ನೀರು, ಬ್ರಷ್ಷು, ಹಳೆ ಬನಿಯನ್ ಬಟ್ಟೆ. ಕೊನೆಗೆ ಬಟ್ಟೆಗೆ ಚೂರು ಥಿನ್ನರ್ ಹಾಕಿ, ಕೈ ತಾಗಿದ ಕಡೆಯೆಲ್ಲ ಒರೆಸಿ, ಅದು ಆರಿದ ಮೇಲೆ ಸ್ಟಾರ್ಟ್ ಮಾಡಿ. ಬೆರಳಿನ ಜಿಡ್ಡು ಒಮ್ಮೆ ಕಾದರೆ ಕಂದು ಗುರುತಾಗಿ ಕೂರುತ್ತದೆ. ಆಸಿಡ್ ಇರುವ ವ್ಹೀಲ್ ಕ್ಲೀನರ್, ತಂತಿ ಬ್ರಷ್ ಹತ್ತಿರಕ್ಕೂ ತರಬೇಡಿ. ಶಾಖ ತಗ್ಗಿಸುವುದು ಹೊಳಪೇ ಆದ್ದರಿಂದ ಈ ಒರೆಸಾಟ ಬರೀ ಶೋಕಿಯಲ್ಲ.

ಈಗ ಕೆಟ್ಟದ್ದು. ಫ್ರಂಟ್ ಪೈಪಿನ ಫ್ಲೇಂಜಿನ (ಬೋಲ್ಟ್ ಹಾಕಿ ಜೋಡಿಸುವ ದಪ್ಪ ಅಂಚಿನ) ಹಿಂಬದಿ, ಪೈಪು ಫ್ಲೇಂಜಿಗೆ ಸೇರುವ ವೆಲ್ಡಿನ ಮೂಲೆಯಲ್ಲಿ ಕೋಟಿಂಗು ಗುಳ್ಳೆಯೆದ್ದು ಉದುರಿದೆ, ಕೆಳಗೆ ತುಕ್ಕು. ಬಯಲು ಭಾಗವೆಲ್ಲ ಹೊಸದರಂತಿದೆ. ಮರಳಿನಂಥ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ತುಕ್ಕು ತೆಗೆಯುವ ಬ್ಲಾಸ್ಟಿಂಗ್ ನಾಝಲ್ ಆ ಮೂಲೆಗೆ ನೇರವಾಗಿ ತಿರುಗದೆ ಹಳೆ ತುಕ್ಕು ಉಳಿದರೆ ಆಗುವುದು ಇದೇ. ಮ್ಯಾನಿಫೋಲ್ಡಿನ ಎರಡು ಕವಲುಗಳ ನಡುವಿನ ಸಂದಿಯೂ ಇದೇ ಜಾತಿ. ಕೋಟಿಂಗ್ ಎಷ್ಟೇ ಒಳ್ಳೆಯದಿರಲಿ, ಹಿಡಿಯುವುದು ಬರಿ ಲೋಹವನ್ನು. ಆದ್ದರಿಂದ ಅಂಗಡಿಗೆ ಹೋದಾಗ ಬಣ್ಣದ ಕಾರ್ಡು ನೋಡುವುದಕ್ಕಿಂತ ಬ್ಲಾಸ್ಟಿಂಗ್ ಆದ ಮೇಲೆ, ಕೋಟಿಂಗ್ ಹೊಡೆಯುವ ಮೊದಲು, ಟಾರ್ಚ್ ಹಿಡಿದು ಸಂದಿಗಳನ್ನು ನೋಡಿ. ಎಲ್ಲ ಕಡೆ ಒಂದೇ ಮಂಕು ಬೂದು ಬಣ್ಣ ಇರಬೇಕು. ಕಪ್ಪು ಚುಕ್ಕೆ ಕಂಡರೆ ಮತ್ತೆ ಬ್ಲಾಸ್ಟ್ ಮಾಡಿಸಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ.

ಕೇಳಬೇಕಾದ ಇನ್ನೊಂದು ಪ್ರಶ್ನೆ: ಬ್ಲಾಸ್ಟಿಂಗಿಗೆ ಮುಂಚೆ ಓವನ್ನಿನಲ್ಲಿ ಸುಡುತ್ತೀರಾ? ಬೀಡು ಕಬ್ಬಿಣದ ರಂಧ್ರಗಳಲ್ಲಿ ಹಳೆ ಎಣ್ಣೆ ಇಳಿದಿರುತ್ತದೆ. 350 ಡಿಗ್ರಿ ಮೇಲೆ ಒಂದು ಗಂಟೆಯಾದರೂ ಕಾಯಿಸಿ ಅದನ್ನು ಹೊಗೆಯಾಗಿಸದಿದ್ದರೆ, ಎಂಜಿನ್ ಕಾದಾಗ ಅದೇ ಹೊಗೆ ಕೋಟಿಂಗನ್ನು ಒಳಗಿನಿಂದ ಎಬ್ಬಿಸುತ್ತದೆ. ಬ್ಲಾಸ್ಟಿಂಗಿಗೆ ನೂರರ ಆಸುಪಾಸಿನ ಮೆಶ್ (ಕಾಳಿನ ಗಾತ್ರದ ಅಳತೆ) ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಇರಲಿ. ನಮ್ಮ ಮಳೆಗಾಲದ ಹವೆಯಲ್ಲಿ ಬರಿ ಕಬ್ಬಿಣ ರಾತ್ರಿಯಿಡೀ ಇದ್ದರೆ ಬೆಳಿಗ್ಗೆ ತುಕ್ಕಿನ ಛಾಯೆ ಬಂದಿರುತ್ತದೆ, ಅದೇ ದಿನ ಕೋಟಿಂಗ್ ಆಗಬೇಕು. "ಇನ್ನೊಂದು ಕೈ ದಪ್ಪ ಹೊಡೀತೀವಿ" ಅಂದರೆ ಬೇಡ ಅನ್ನಿ. ದಪ್ಪ ಪದರ ಕಾದು ತಣಿಯುವಾಗ ಬಿರಿಯುತ್ತದೆ. ಗ್ಯಾಸ್ಕೆಟ್ ಕೂರುವ ಮೈಗೆ ಟೇಪು, ಆಕ್ಸಿಜನ್ ಸೆನ್ಸರ್ ತೂತಿಗೆ ಎಂ18 × 1.5 ಹಳೆ ಬೋಲ್ಟು, ಇವನ್ನು ನೀವೇ ಹಾಕಿಕೊಟ್ಟರೆ ಕ್ಷೇಮ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹತ್ತು ನಿಮಿಷ ಐಡ್ಲಿಂಗ್, ಪೂರ್ತಿ ತಣಿಸಿ, ಮತ್ತೆ ಇಪ್ಪತ್ತು ನಿಮಿಷ. ಸ್ವಲ್ಪ ಹೊಗೆ, ವಾಸನೆ ಸಹಜ. ತಣಿದ ಮೇಲೆ ನಟ್ಟುಗಳನ್ನು ನಡುವಿನಿಂದ ಅಂಚಿಗೆ ಇನ್ನೊಮ್ಮೆ ಬಿಗಿ ಮಾಡಿ.

ಖರ್ಚಿನಲ್ಲಿ ಕೋಟಿಂಗಿನದು ಒಂದು ಭಾಗ ಮಾತ್ರ. ಮ್ಯಾನಿಫೋಲ್ಡ್ ಬಿಚ್ಚುವ ಕೂಲಿ, ಹೊಸ ಗ್ಯಾಸ್ಕೆಟ್, ಮುರಿಯುವ ಸ್ಟಡ್ಡುಗಳು ಸೇರಿದರೆ ಜೇಬು ಹಗುರ. ಗ್ಯಾಸ್ಕೆಟ್ ಸೋರಿ ಹೇಗೂ ಬಿಚ್ಚಬೇಕಾಗಿ ಬಂದಾಗ ಮಾಡಿಸಿದರೆ ಲೆಕ್ಕ ಹೊಂದುತ್ತದೆ. ಅಗ್ಗವೆಂದು ಕೋಟಿಂಗಿನ ಬದಲು ಪೈಪಿಗೆ ಶಾಖ ತಡೆಯುವ ನಾರಿನ ಪಟ್ಟಿ ಸುತ್ತಬೇಡಿ. ಹಳ್ಳದ ನೀರು ಹೀರಿ ಒದ್ದೆ ಹಿಡಿದುಕೊಂಡು ಪೈಪನ್ನು ಕೆಳಗೇ ತಿನ್ನುತ್ತದೆ.

ಸೈಲೆನ್ಸರಿಗೂ ಮಾಡಿಸಲೇ ಎಂದು ಕೇಳುವವರಿಗೆ: ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಹತ್ತಿರದ ಓಡಾಟದಲ್ಲಿ ಅದು ಆವಿಯಾಗಿ ಹೊರಹೋಗದೆ ಡಬ್ಬಿಯಲ್ಲೇ ನಿಲ್ಲುತ್ತದೆ. ಜಿಪ್ಸಿ ಸೈಲೆನ್ಸರ್ ತೂತು ಬೀಳುವುದು ಬಹುಪಾಲು ಒಳಗಿನಿಂದ, ಹೊರಗೆ ಬಳಿದದ್ದು ಅಲ್ಲಿಗೆ ತಲುಪುವುದಿಲ್ಲ.